ಕಾಲಿಗೆ ಸಮಯ ಕೊಡಿ: ತೆಳ್ಳನೆ ಶೂ ಬಂದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶೂ ಬಗ್ಗೆ. ಅದರಲ್ಲೂ ತೆಳ್ಳನೆ ಸೋಲ್‌ನ, ಹಿಮ್ಮಡಿ ಹತ್ರ ಮೆತ್ತೆಯೇ ಇಲ್ಲದ, ಚಪಾತಿ ಥರ ಸುತ್ತಿಡಬಹುದಾದ ರನ್ನಿಂಗ್ ಶೂ ಬಗ್ಗೆ. ಮಿನಿಮಲಿಸ್ಟ್ ಶೂ ಅಂತಾರೆ, ಬೇರ್‌ಫುಟ್ ಶೂ ಅಂತಾನೂ ಅಂತಾರೆ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಮನುಷ್ಯ ಹುಟ್ಟಿದ್ದೇ ಬರಿಗಾಲಲ್ಲಿ ಓಡೋಕೆ, ದಪ್ಪ ಶೂ ನಿಮ್ಮ ಪಾದ ಹಾಳು ಮಾಡಿದೆ, ಇವತ್ತೇ ಬಿಸಾಕಿ ಅಂತ ಯಾರೋ ಹೇಳ್ತಿರ್ತಾರೆ. ಈ ಮಾತಿಗೆ ಒಂದು ಇತಿಹಾಸ ಇದೆ. ಅದರಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದವರೂ ಇದ್ದಾರೆ, ಹತ್ತೇ ವಾರದಲ್ಲಿ ಪಾದದ ಮೂಳೆಗೆ ಪೆಟ್ಟು ಮಾಡಿಕೊಂಡವರೂ ಇದ್ದಾರೆ. ಹಾಗ್ಯಾಕಾಯ್ತು ಅನ್ನೋದೇ ಇವತ್ತಿನ ಪ್ರಶ್ನೆ.

ಎಲ್ಲರೂ ಮೊದಲು ಹೇಳೋ ಹೆಸರು ಅಬೆಬೆ ಬಿಕಿಲಾ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ಪಡೆಯ ಸೈನಿಕ. 1960ರ ಸೆಪ್ಟೆಂಬರ್ 10ರ ಸಂಜೆ, ರೋಮ್ ಒಲಿಂಪಿಕ್ಸ್ ಮ್ಯಾರಥಾನ್. ತಂಡಕ್ಕೆ ಸಿಕ್ಕಿದ್ದ ಶೂಗಳಲ್ಲಿ ಯಾವುದೂ ಅವರ ಪಾದಕ್ಕೆ ಸರಿಹೋಗಲಿಲ್ಲ. ಬರಿಗಾಲಲ್ಲಿ ಅಭ್ಯಾಸ ಮಾಡಿ ರೂಢಿ ಇತ್ತು, ಹಾಗೇ ಓಡಿದರು. ಕಲ್ಲು ಹಾಸಿದ ಹಳೆಯ ಅಪ್ಪಿಯನ್ ದಾರಿಯುದ್ದಕ್ಕೂ ಪಂಜು ಹಿಡಿದು ನಿಂತ ಸೈನಿಕರು, ಆ ಬೆಳಕಲ್ಲಿ ಇವರ ಓಟ. ಕಾನ್‌ಸ್ಟಂಟೈನ್ ಕಮಾನಿನ ಬಳಿ ಗುರಿ ಮುಟ್ಟಿದಾಗ 2 ಗಂಟೆ 15 ನಿಮಿಷ 16 ಸೆಕೆಂಡ್. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಬೇಗ ಮ್ಯಾರಥಾನ್ ಮುಗಿಸಿರಲಿಲ್ಲ.

ರೀಲ್ಸ್ ಇಲ್ಲಿಗೆ ಮುಗಿದುಬಿಡುತ್ತೆ. ಕಥೆ ಮುಗಿಯೋದಿಲ್ಲ. ನಾಲ್ಕು ವರ್ಷದ ನಂತರ, 1964ರಲ್ಲಿ, ಅದೇ ಬಿಕಿಲಾ ಟೋಕಿಯೊ ಒಲಿಂಪಿಕ್ಸ್‌ಗೆ ಬಂದರು. ಕೆಲವೇ ವಾರದ ಹಿಂದಷ್ಟೇ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಈ ಸಲ ಕಾಲಲ್ಲಿ ಪೂಮಾ ಶೂ ಇತ್ತು. 2 ಗಂಟೆ 12 ನಿಮಿಷ 11 ಸೆಕೆಂಡ್‌ನಲ್ಲಿ ಓಡಿ ಮತ್ತೆ ಚಿನ್ನ ಗೆದ್ದರು. ಅಂದ್ರೆ ರೋಮ್‌ಗಿಂತ ಮೂರು ನಿಮಿಷ ಬೇಗ. ಹಾಗಾಗಿ ಬಿಕಿಲಾ ಹೆಸರು ಹೇಳಿ ಬರಿಗಾಲೇ ಮೇಲು ಅಂತ ವಾದ ಮಾಡೋಕೆ ಆಗಲ್ಲ, ಶೂನೇ ಮೇಲು ಅಂತಾನೂ ಆಗಲ್ಲ. ರೂಢಿಯಾದ ಕಾಲು ಹೇಗಿದ್ರೂ ಓಡುತ್ತೆ ಅಂತ ಮಾತ್ರ ಹೇಳಬಹುದು.

ಇನ್ನು ದಪ್ಪ ಶೂ ಎಲ್ಲಿಂದ ಬಂತು? ಅಮೆರಿಕದ ಒರೆಗಾನ್ ರಾಜ್ಯಕ್ಕೆ ಹೋಗಬೇಕು. ಅಲ್ಲಿನ ಫೋರ್ಟ್ ರಾಕ್ ಗುಹೆಯಲ್ಲಿ 1938ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಲೂಥರ್ ಕ್ರೆಸ್‌ಮನ್ ಅಗೆದಾಗ, ಜ್ವಾಲಾಮುಖಿಯ ಬೂದಿಯ ಕೆಳಗೆ ಹತ್ತಾರು ಚಪ್ಪಲಿಗಳು ಸಿಕ್ಕವು. ಪೊದೆಯ ತೊಗಟೆಯ ನಾರಿನಿಂದ ಹೆಣೆದವು, 9,000 ವರ್ಷಕ್ಕೂ ಹಳೆಯವು. ಚಪ್ಪಲಿ ನಮಗೆ ಹೊಸದೇನಲ್ಲ ನೋಡಿ. ಹೊಸದು ಮೆತ್ತೆ. ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ಓಟದ ಕೋಚ್ ಆಗಿದ್ದವರು ಬಿಲ್ ಬೋವರ್‌ಮನ್, ನೈಕಿ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು. ನ್ಯೂಜಿಲೆಂಡ್‌ಗೆ ಹೋಗಿದ್ದಾಗ ಸಾಮಾನ್ಯ ಜನ ಆರೋಗ್ಯಕ್ಕಾಗಿ ನಿಧಾನವಾಗಿ ಓಡೋದನ್ನ ಕಂಡು ಬಂದು, 1967ರಲ್ಲಿ ಹೃದಯತಜ್ಞರೊಬ್ಬರ ಜೊತೆ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು. ಅಲ್ಲಿಯವರೆಗೆ ಓಟ ಅಂದ್ರೆ ಕ್ರೀಡಾಪಟುಗಳ ಕೆಲಸ. ಆಮೇಲೆ ಆಫೀಸಿನವರೂ ರಸ್ತೆಗಿಳಿದರು. ಅವರಿಗಾಗಿ 1970ರ ದಶಕದಲ್ಲಿ ಹಿಮ್ಮಡಿ ಎತ್ತರದ, ಕುಷನ್ ತುಂಬಿದ ಶೂ ಬಂತು. ಇವತ್ತಿನ ಸಾಮಾನ್ಯ ರನ್ನಿಂಗ್ ಶೂನಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ ಸುಮಾರು 10 ಮಿಲಿಮೀಟರ್ ಎತ್ತರ ಇರುತ್ತೆ. ಇದಕ್ಕೇ ಡ್ರಾಪ್ ಅನ್ನೋದು. ಮಿನಿಮಲಿಸ್ಟ್ ಶೂನಲ್ಲಿ ಇದು ಸೊನ್ನೆ, ಅಥವಾ ಹೆಚ್ಚೆಂದರೆ 4 ಮಿಲಿಮೀಟರ್.

ಮುಂದಿನ ತಿರುವು 2009ರಲ್ಲಿ. ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅನ್ನೋ ಪತ್ರಕರ್ತರ 'ಬಾರ್ನ್ ಟು ರನ್' ಪುಸ್ತಕ ಬಂತು. ಮೆಕ್ಸಿಕೊದ ಕಣಿವೆಗಳಲ್ಲಿ ಬದುಕುವ ರರಾಮುರಿ ಜನ, ಹೊರಗಿನವರು ತರಾಹುಮಾರಾ ಅಂತ ಕರೆಯುವವರು, ಹಳೇ ಟೈರ್ ಕತ್ತರಿಸಿ ಮಾಡಿದ ಚಪ್ಪಲಿಯಲ್ಲಿ ನೂರಾರು ಕಿಲೋಮೀಟರ್ ಓಡ್ತಾರೆ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನಲ್ಲಿ ನಡೆದ 100 ಮೈಲಿ ಓಟ ಗೆದ್ದವರು ಇದೇ ಜನಾಂಗದ ವಿಕ್ಟೋರಿಯಾನೊ ಚುರ್ರೊ. ಆಗ ಅವರಿಗೆ 55 ವರ್ಷ.

ಪುಸ್ತಕದ ಬೆನ್ನಿಗೇ 2010ರ ಜನವರಿಯಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡದ ಅಧ್ಯಯನ 'ನೇಚರ್' ಪತ್ರಿಕೆಯಲ್ಲಿ ಬಂತು. ಮೊದಲಿನಿಂದ ಬರಿಗಾಲಲ್ಲೇ ಓಡಿ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗ ಊರುತ್ತಾರೆ, ಹಾಗಾಗಿ ಹಿಮ್ಮಡಿ ಬಡಿದಾಗ ಆಗೋ ಜೋರಿನ ಹೊಡೆತ ಅವರಿಗಾಗಲ್ಲ ಅಂತ ಅದು ತೋರಿಸಿತು. ಗಾಯ ಕಡಿಮೆಯಾಗುತ್ತೆ ಅಂತ ಅದು ತೋರಿಸಿರಲಿಲ್ಲ. ಬರಿಗಾಲಿನವರೆಲ್ಲ ಹಾಗೇ ಓಡ್ತಾರೆ ಅನ್ನೋದೂ ನಿಜವಲ್ಲ. 2013ರಲ್ಲಿ ಉತ್ತರ ಕೀನ್ಯಾದ ದಾಸನಾಚ್ ಜನರನ್ನು ಅಧ್ಯಯನ ಮಾಡಿದಾಗ, ಬರಿಗಾಲಲ್ಲೇ ಬೆಳೆದ ಅವರು ತಮಗೆ ಹಿತವಾದ ವೇಗದಲ್ಲಿ 72% ಸಲ ಹಿಮ್ಮಡಿಯನ್ನೇ ಮೊದಲು ಊರಿದ್ದರು.

ಆದರೆ ಮಾರುಕಟ್ಟೆ ಅಷ್ಟು ಹೊತ್ತು ಕಾಯುತ್ತಾ? ಐದು ಬೆರಳಿಗೂ ಬೇರೆಬೇರೆ ಗೂಡಿರುವ ವೈಬ್ರಮ್ ಫೈವ್‌ಫಿಂಗರ್ಸ್ ಜೋರಾಗಿ ಮಾರಾಟವಾಯ್ತು. ತಮಾಷೆ ಅಂದ್ರೆ ವೈಬ್ರಮ್ ಹುಟ್ಟಿದ್ದೇ ದಪ್ಪ ಸೋಲ್ ಮಾಡೋಕೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಾತಿಗಳನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ, ಪರ್ವತಾರೋಹಿಗಳ ಬೂಟಿಗಾಗಿ ಹಲ್ಲುಹಲ್ಲಿನ ರಬ್ಬರ್ ಸೋಲ್ ಮಾಡಿದ್ದರು. ಅದೇ ಕಂಪನಿ ಈಗ ಸೋಲ್ ಇಲ್ಲದಂತಿರೋ ಶೂ ಮಾರ್ತಿತ್ತು. ಪಾದದ ಸ್ನಾಯು ಬಲವಾಗುತ್ತೆ, ಗಾಯ ಕಡಿಮೆಯಾಗುತ್ತೆ ಅಂತ ಜಾಹೀರಾತಲ್ಲಿ ಹೇಳಿದ್ದಕ್ಕೆ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ, 37.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಹೆಚ್ಚು ಉಪಯೋಗಕ್ಕೆ ಬರೋದು ಎರಡು ಅಧ್ಯಯನ. ಎರಡರಲ್ಲೂ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ರಿಡ್ಜ್ ಇದ್ದಾರೆ. 2013ರ ಅಧ್ಯಯನದಲ್ಲಿ 36 ಅನುಭವಿ ಓಟಗಾರರು. ಅವರಲ್ಲಿ 19 ಮಂದಿ ಹತ್ತು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಫೈವ್‌ಫಿಂಗರ್ಸ್ ಓಟ ಹೆಚ್ಚಿಸುತ್ತಾ ಹೋದರು. ಎಂಆರ್‌ಐ ಮಾಡಿ ನೋಡಿದರೆ 10 ಮಂದಿಯ ಪಾದದ ಮೂಳೆಯೊಳಗೆ ಬಾವು ಹೆಚ್ಚಾಗಿತ್ತು, ಇಬ್ಬರಿಗೆ ಮೂಳೆಯೇ ಬಿರುಕು ಬಿಟ್ಟಿತ್ತು. ಇವರು ಅವಸರ ಮಾಡಿದವರಲ್ಲ, ಹಂತಹಂತವಾಗಿ ಹೋದವರು ಅನ್ನೋದನ್ನ ನೆನಪಿಡಿ. 2019ರ ಅಧ್ಯಯನದಲ್ಲಿ ತೆಳ್ಳನೆ ಶೂ ಹಾಕಿ ಬರೀ ನಡೆದರು, ಎಂಟು ವಾರ. ಪಾದದ ಸ್ನಾಯುಗಳು ವ್ಯಾಯಾಮ ಮಾಡಿದಷ್ಟೇ ಬಲವಾದವು.

ಯಾಕೆ ಹೀಗೆ? ಸ್ನಾಯು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತೆ. ಮೂಳೆ ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತೆ, ಆಮೇಲೆ ಹೊಸದನ್ನು ಕಟ್ಟುತ್ತೆ. ಗೋಡೆ ಒಡೆದು ಮತ್ತೆ ಕಟ್ಟೋ ಮನೆಯ ಥರ. ಈ ಸುತ್ತು ಮುಗಿಯೋಕೆ ಮೂರು ನಾಲ್ಕು ತಿಂಗಳು ಬೇಕು. ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ. ಸ್ನಾಯು ರೆಡಿ ಅಂತ ನಾವು ಉತ್ಸಾಹದಿಂದ ಓಟ ಹೆಚ್ಚಿಸೋದು ಸರಿಯಾಗಿ ಅದೇ ಹೊತ್ತಲ್ಲಿ. ನಮ್ಮ ತಾತ ಹೊಲಕ್ಕೆ ಬರಿಗಾಲಲ್ಲೇ ಹೋಗ್ತಿದ್ರಲ್ಲ ಅಂತ ಕೇಳೋರಿಗೂ ಇದೇ ಉತ್ತರ. ಹೌದು, ಹೋಗ್ತಿದ್ರು. ನಡೆಯೋಕೆ ಕಲಿತ ದಿನದಿಂದ ಹಾಗೇ ಹೋಗ್ತಿದ್ರು.

ಹಾಗಾದ್ರೆ ಈ ಶೂ ಬೇಡವಾ? ಬೇಕು ಅನ್ನಿಸಿದರೆ ಖಂಡಿತ ಪ್ರಯತ್ನಿಸಿ. ನಾನು ಹೇಳೋ ಕ್ರಮ ಇದು. ಮೊದಲ ಒಂದೆರಡು ತಿಂಗಳು ಇದರಲ್ಲಿ ಓಡಬೇಡಿ. ಮನೆಯಲ್ಲಿ, ಅಂಗಡಿಗೆ ಹೋಗುವಾಗ, ನಡೆಯೋಕೆ ಮಾತ್ರ ಹಾಕಿ. ದಿನಾ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡ ಗಟ್ಟಿಯಾಗುತ್ತೆ. ಆಮೇಲೆ ವಾರಕ್ಕೆ ಎರಡು ಸಲ, ಹಳೇ ಶೂನಲ್ಲಿ ಓಡಿದ ಕೊನೆಯಲ್ಲಿ ಐದು ನಿಮಿಷ ಇದರಲ್ಲಿ ಓಡಿ. ಎರಡು ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ, ಸಾಕು. ಹಳೇ ಶೂ ಬಿಸಾಕಬೇಡಿ, ವಾರದ ಓಟದ ಬಹುಪಾಲು ಅದರಲ್ಲೇ ಇರಲಿ. ಹೆಜ್ಜೆ ಚಿಕ್ಕದಿರಲಿ, ಚುರುಕಾಗಿರಲಿ. ತುದಿಗಾಲಲ್ಲೇ ಓಡಬೇಕು ಅಂತ ಹಠ ಬೇಡ, ಹಿಮ್ಮಡಿ ನೆಲ ಮುಟ್ಟಲಿ. ಪೂರ್ತಿ ಬದಲಾಗೋಕೆ ಆರು ತಿಂಗಳು, ವರ್ಷವೇ ಆದರೂ ಪರವಾಗಿಲ್ಲ.

ಮೀನಖಂಡ ಎರಡು ದಿನ ನೋಯೋದು ಸಾಮಾನ್ಯ. ಆದರೆ ಪಾದದ ಮೇಲ್ಭಾಗದಲ್ಲಿ ಒಂದೇ ಕಡೆ ಬೆರಳಿಟ್ಟು ಒತ್ತಿದಾಗ ಚುರ್ ಅಂದ್ರೆ, ಅಥವಾ ಹಿಮ್ಮಡಿ ಹಿಂದಿನ ನರ ಬೆಳಗ್ಗೆ ಎದ್ದಾಗ ಬಿಗಿಯಾಗಿ ನೋಯ್ತಾ ಇದ್ರೆ, ಓಟ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಅದನ್ನೂ ಕೇಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಡಾಕ್ಟರನ್ನು ಕೇಳದೆ ಈ ಶೂ ಮುಟ್ಟಲೇಬೇಡಿ.

ಈ ನಡುವೆ ಗಾಳಿ ಮತ್ತೆ ತಿರುಗಿದೆ. 2009ರಲ್ಲೇ ಫ್ರಾನ್ಸ್‌ನಲ್ಲಿ ಶುರುವಾದ ಹೋಕಾ ಥರದ ದಪ್ಪ ಸೋಲ್‌ಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ಎಷ್ಟರ ಮಟ್ಟಿಗೆ ಅಂದ್ರೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗೆ 40 ಮಿಲಿಮೀಟರ್ ಮಿತಿ ಹಾಕಬೇಕಾಯ್ತು. ನಾಳೆ ಇನ್ನೊಂದು ಶೂ ಬರುತ್ತೆ. ಆಗಲೂ ಮೂಳೆ ತನ್ನ ಮೂರು ನಾಲ್ಕು ತಿಂಗಳು ತಗೊಂಡೇ ತಗೊಳ್ಳುತ್ತೆ.

ಇವತ್ತಿಗೆ ಇಷ್ಟು. ತೆಳ್ಳನೆ ಶೂ ಆರ್ಡರ್ ಮಾಡೋಕೆ ಹೊರಟ ಗೆಳೆಯರು ಯಾರಾದ್ರೂ ಇದ್ರೆ ಈ ಸಂಚಿಕೆ ಅವರಿಗೆ ಕಳಿಸಿ.