ವಿಶ್ವಾಸ ಮತ್ತು ಮನೋಚಿಕಿತ್ಸೆ

ಮನೋವ್ಯಥೆಗೊಳಗಾದವನು ತನ್ನ ಅಂತರಂಗವನ್ನು ಎಲ್ಲರೆದುರು ತೆರೆದಿಡುವುದಿಲ್ಲ. ತನ್ನ ನುಡಿ, ನಂಬಿಕೆ, ಮನೆತನದ ಮರ್ಯಾದೆಗಳನ್ನು ಅರಿತವರ ಮುಂದೆ ಮಾತ್ರ ಅವನು ಮನಬಿಚ್ಚಿ ಮಾತನಾಡುತ್ತಾನೆ. ಈ ಸತ್ಯವನ್ನು ಆಧುನಿಕ ಮನೋವೈದ್ಯವು ಕಂಡುಕೊಂಡ ಇತಿಹಾಸವು ಮನನಯೋಗ್ಯವಾದುದು.

ನೈಜೀರಿಯಾದ ಅಬೆಯೊಕುಟಾದಲ್ಲಿ ಜನಿಸಿದ ಡಾ. ಥಾಮಸ್ ಅಡೆಯೊಯೆ ಲ್ಯಾಂಬೊ ಅವರು ಇಂಗ್ಲೆಂಡಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಸ್ವದೇಶಕ್ಕೆ ಮರಳಿದರು. 1954ರಲ್ಲಿ ತಮ್ಮೂರಿನ ಬಳಿಯ ಅರೊದಲ್ಲಿ ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ರೋಗಿಯು ಆಸ್ಪತ್ರೆಯಲ್ಲಿ ಬಂದಿಯಾಗಿರದೆ, ಬಂಧುವೊಬ್ಬರೊಡನೆ ಸಮೀಪದ ಹಳ್ಳಿಯಲ್ಲಿ ವಾಸಿಸುತ್ತ, ಹಗಲು ಚಿಕಿತ್ಸೆಗೆ ಬರುತ್ತಿದ್ದನು. ಯೊರುಬಾ ಜನರ ಸಾಂಪ್ರದಾಯಿಕ ವೈದ್ಯರ ಸಹಕಾರವನ್ನೂ ಲ್ಯಾಂಬೊ ಪಡೆದರು. ಆಧುನಿಕ ಚಿಕಿತ್ಸೆಯನ್ನು ಅವರು ಕೈಬಿಡಲಿಲ್ಲ. ಅದನ್ನು ಜನರು ನಂಬಿದ ಪರಿಸರದೊಳಗೆ ನೆಲೆಗೊಳಿಸಿದರು.

ಇಂತಹ ಪರಿಸರವಿಲ್ಲದೆಡೆ ಏನಾಗುವುದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸೂ ಅವರು 1977ರಲ್ಲಿ ತೋರಿಸಿದರು. ಸಿಯಾಟಲ್ ಪ್ರದೇಶದ 17 ಮಾನಸಿಕ ಆರೋಗ್ಯ ಕೇಂದ್ರಗಳಿಗೆ ಬಂದ ಸುಮಾರು 14,000 ಜನರನ್ನು ಕುರಿತ ಅಧ್ಯಯನವದು. ಮೊದಲ ಭೇಟಿಯ ಅನಂತರ ಮರಳಿ ಬಾರದವರು ಬಿಳಿಯರಲ್ಲಿ ಶೇಕಡಾ 30ರಷ್ಟಿದ್ದರೆ, ಅಲ್ಪಸಂಖ್ಯಾತ ಜನಾಂಗಗಳಲ್ಲಿ ಸರಿಸುಮಾರು ಅರ್ಧದಷ್ಟಿದ್ದರು.

ನಮ್ಮ ದೇಶದ ಮನೋವೈದ್ಯ ಡಾ. ಜಸ್ವಂತ್ ಸಿಂಗ್ ನೇಕಿ ಅವರು 1973ರ ಲೇಖನದಲ್ಲಿ ಗುರುಶಿಷ್ಯ ಸಂಬಂಧವು ಚಿಕಿತ್ಸೆಗೆ ಮಾದರಿಯಾಗಬಲ್ಲುದೆಂದು ಪ್ರತಿಪಾದಿಸಿದರು. ತಟಸ್ಥನಾಗಿ ಕೇವಲ ಆಲಿಸುವ ಸಲಹೆಗಾರನು ಪಾಶ್ಚಾತ್ಯನಿಗೆ ಸಮ್ಮತನಾಗಬಹುದು. ಹಿರಿಯರ ಮಾರ್ಗದರ್ಶನದಲ್ಲಿ ಬೆಳೆದ ಭಾರತೀಯನಿಗೆ ಅದೇ ತಾಟಸ್ಥ್ಯವು ಉಪೇಕ್ಷೆಯಾಗಿ ಕಾಣಬಹುದು.

ಇದನ್ನೋದಿ ನಾವು ಹಿಗ್ಗುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದವರನ್ನಿರಿಸಿಕೊಂಡಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ತಗುಲಿತು. ಸಂಕೋಲೆಗಳಲ್ಲಿ ಬಂಧಿತರಾಗಿದ್ದ 28 ಮಂದಿ ಮನೋರೋಗಿಗಳು ಸುಟ್ಟು ಸತ್ತರು. ಇದನ್ನು ಒಂದು ಮತದ ದೋಷವೆಂದು ಬಗೆಯುವುದು ಅವಿವೇಕ. ಜನರು ನಂಬಿ ಬರುವ ಪ್ರತಿಯೊಂದು ಸ್ಥಾನಕ್ಕೂ ಇದು ಎಚ್ಚರಿಕೆ. ವಿಶ್ವಾಸವು ರೋಗಿಯನ್ನು ಬಾಗಿಲವರೆಗೆ ಕರೆತರುತ್ತದೆ; ಒಳಗೆ ವಿದ್ಯೆ, ಕರುಣೆ, ಹೊಣೆಗಾರಿಕೆಗಳಿಲ್ಲದಿದ್ದರೆ ಆ ವಿಶ್ವಾಸವೇ ಅವನಿಗೆ ಉರುಳಾಗುತ್ತದೆ.

ಮಠಗಳಿಗೂ ಇಂತಹ ದುಃಖಿಗಳು ಬರುತ್ತಾರೆ. ವೈದ್ಯರಿಗೆ ಹೇಳದುದನ್ನು ಸ್ವಾಮಿಗಳ ಮುಂದೆ ಹೇಳಿ ಕಣ್ಣೀರಿಡುತ್ತಾರೆ. ವಿಭೂತಿಯನ್ನಿತ್ತು ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯದು. ಅವರ ಮಾತನ್ನು ಸಾವಧಾನವಾಗಿ ಆಲಿಸಿ, ಅವರು ನಮ್ಮಲ್ಲಿಟ್ಟ ವಿಶ್ವಾಸವನ್ನೇ ಆಧಾರವಾಗಿಸಿಕೊಂಡು, ಯೋಗ್ಯ ವೈದ್ಯರ ಬಳಿಗೆ ಕಳುಹಿಸಬೇಕು. ಅಗತ್ಯವಿದ್ದರೆ ಜೊತೆಯಲ್ಲಿ ಒಬ್ಬರು ಹೋಗಬೇಕು. ಸದ್ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ನೆರವಾಗಲೆಂದು ಹಾರೈಸುತ್ತೇವೆ.