ಪದ ಪರಿಚಯ: ಫ್ರಿಗೇಟ್

2003ರಲ್ಲಿ ಐಸ್‌ಲ್ಯಾಂಡಿನಿಂದ ಹೊರಬಂದ ‘ಈವ್ ಆನ್‌ಲೈನ್’ ಎಂಬ ಅಂತರಿಕ್ಷಕ್ರೀಡೆಯಲ್ಲಿ ಹೊಸಬರಿಗೆ ಮೊದಮೊದಲು ಒದಗುವ, ಗಾತ್ರದಲ್ಲಿ ಕಿರಿದಾದರೂ ವೇಗದಲ್ಲಿ ಹಿರಿದಾದ ನೌಕಾವರ್ಗಕ್ಕೆ ಫ್ರಿಗೇಟ್ ಎಂದು ಹೆಸರು. ಇಟಲಿಯ ‘ಫ್ರೆಗಾತಾ’ದಿಂದ ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷಿಗೆ ಬಂದ ಈ ಶಬ್ದವು ಮೊದಲು ಮೆಡಿಟರೇನಿಯನ್ ಸಮುದ್ರದ, ಹುಟ್ಟು ಹಾಯಿಗಳೆರಡರಿಂದಲೂ ಸಾಗುತ್ತಿದ್ದ ಲಘುನೌಕೆಯನ್ನು ಸೂಚಿಸುತ್ತಿದ್ದು, 18ನೆಯ ಶತಮಾನದ ವೇಳೆಗೆ ಬೇಹು, ಬೆಂಗಾವಲುಗಳ ಕಾರ್ಯಕ್ಕೆ ನಿಯುಕ್ತವಾದ ಶೀಘ್ರಗಾಮಿ ಯುದ್ಧನೌಕೆಗೆ ರೂಢವಾಯಿತು. ಮೈಸೂರಿನ ಇತಿಹಾಸಕ್ಕೂ ಇದು ಅಪರಿಚಿತವಲ್ಲ. 1796ರಲ್ಲಿ ಟಿಪ್ಪು ಸುಲ್ತಾನನು ಹೊರಡಿಸಿದ ನೌಕಾಬಲದ ಆಜ್ಞೆಯು ಮಹಾನೌಕೆಗಳೊಡನೆ ಈ ವರ್ಗದ 20 ನೌಕೆಗಳ ನಿರ್ಮಾಣವನ್ನೂ ವಿಧಿಸಿದ್ದಿತು. ಕ್ರೀಡೆಯಲ್ಲಿಯೂ ಇದರ ಧರ್ಮವು ಭಿನ್ನವಲ್ಲ: ಮುಂದೋಡಿ ಶತ್ರುವಿನ ಸುಳಿವನ್ನು ತರುವುದು, ಪಲಾಯನೋದ್ಯುಕ್ತವಾದ ನೌಕೆಯ ಯಂತ್ರವನ್ನು ಸ್ತಂಭನಗೊಳಿಸಿ, ಹಿರಿಯ ನೌಕೆಗಳು ಬಂದು ಸೇರುವವರೆಗೆ ಅದನ್ನು ತಡೆದು ನಿಲ್ಲಿಸುವುದು. ಆದಕಾರಣ ಫ್ರಿಗೇಟನ್ನು ಕೇವಲ ಆರಂಭಿಕರ ವಾಹನವೆಂದು ಎಣಿಸುವುದು ಯುಕ್ತವಲ್ಲ. ನುರಿತವರೂ ಅದನ್ನು ಆದರದಿಂದಲೇ ನಡೆಸುವರು.