ನಡುಗುವ ಚಕ್ರ, ಅಡ್ಡ ಮಲಗಿದ ಡ್ಯಾಂಪರ್

ಅಮೆರಿಕದ ಹೆವಿ ಡ್ಯೂಟಿ ಪಿಕಪ್ ಟ್ರಕ್ಕಿನ ಮುಂಭಾಗದಡಿ ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರ್‌ನಂಥದೇ ಒಂದು ಕೊಳವೆ ಅಡ್ಡಡ್ಡ ಮಲಗಿರುವುದು ಕಾಣುತ್ತದೆ. ಅದರ ಒಂದು ತುದಿಯನ್ನು ಆಕ್ಸಲ್‌ಗೋ ಚಾಸಿಗೋ ಬಿಗಿದಿರುತ್ತಾರೆ, ಇನ್ನೊಂದು ತುದಿಯನ್ನು ಚಕ್ರ ತಿರುಗಿಸುವ ಟೈ ರಾಡಿಗೋ ಡ್ರ್ಯಾಗ್ ಲಿಂಕಿಗೋ. ಇದೇ ಸ್ಟೀರಿಂಗ್ ಸ್ಟೆಬಿಲೈಜರ್. ಎಂಜಿನಿಯರುಗಳ ಬಾಯಲ್ಲಿ ಡ್ಯಾಂಪರ್. ಕಂಪನಿ ಕೊಟ್ಟದ್ದನ್ನು ಕಿತ್ತು ಹೊರಗಿನ ದಪ್ಪ ಕೊಳವೆ ಹಾಕಿಸಿದರೆ ಗಾಡಿಯ ಹ್ಯಾಂಡ್ಲಿಂಗ್ ಸುಧಾರಿಸುತ್ತದೆ ಎಂಬ ನಂಬಿಕೆಯ ಮೇಲೆ ಅಲ್ಲೊಂದು ಮಾರುಕಟ್ಟೆಯೇ ನಿಂತಿದೆ. ನಂಬಿಕೆ ಅರ್ಧ ನಿಜ. ಯಾವ ಅರ್ಧ ಎಂದು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

1923ರ ಸುಮಾರಿಗೆ ಅಮೆರಿಕದ ಕಾರುಗಳಿಗೆ ಬಲೂನ್ ಟೈರ್ ಬಂತು. ಅಗಲ ಹೆಚ್ಚು, ಗಾಳಿ ಕಡಿಮೆ, ಕೂತವರಿಗೆ ಸುಖ. ಅದರ ಬೆನ್ನಿಗೇ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳುವ 'ಶಿಮ್ಮಿ'ಯ ಕಾಟವೂ ಹೆಚ್ಚಿತು. ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲಿ ಇದನ್ನು ಟೈರಿನ ಪಕ್ಕಜಾರಿಕೆಯ ದೃಷ್ಟಿಯಿಂದ ವಿವರಿಸಿದ. ಇನ್ನೊಂದು ಕಾರಣ ಆಕ್ಸಲ್‌ನಲ್ಲೇ ಇತ್ತು. ಎರಡು ಚಕ್ರಗಳನ್ನೂ ಒಂದೇ ಗಟ್ಟಿ ತೊಲೆಗೆ ಸಿಕ್ಕಿಸಿದಾಗ ಒಂದು ಚಕ್ರ ಗುಂಡಿಗಿಳಿದರೆ ತೊಲೆ ಪೂರ್ತಿ ಓರೆಯಾಗುತ್ತದೆ. ರಭಸದಿಂದ ಸುತ್ತುವ ಚಕ್ರದ ಗೈರೊಸ್ಕೋಪ್ ಗುಣ ಆ ಓರೆಯನ್ನು ಪಕ್ಕದ ತಿರುವಾಗಿ ಬದಲಿಸುತ್ತದೆ, ಪಕ್ಕದ ತಿರುವು ಮತ್ತೆ ತೊಲೆಯನ್ನು ಓರೆಯಾಗಿಸುತ್ತದೆ. ಒಂದನ್ನೊಂದು ಉಣಿಸುತ್ತ ನಡುಕ ಬೆಳೆಯುತ್ತದೆ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ ಇದರ ಬುಡಕ್ಕೇ ಕೈಹಾಕಿದ. ಆ ಕಂಪನಿಯ 1934ರ ಹಲವು ಮಾದರಿಗಳಲ್ಲಿ ಮುಂದಿನ ತೊಲೆಯೇ ಇರಲಿಲ್ಲ. ಎರಡು ಚಕ್ರಗಳೂ ಬೇರೆಬೇರೆಯಾಗಿ ಏರಿಳಿಯುತ್ತಿದ್ದವು. ಕಾರುಗಳ ಮಟ್ಟಿಗೆ ಕಥೆ ಬಹುಪಾಲು ಅಲ್ಲಿಗೆ ಮುಗಿಯಿತು.

ಭಾರ ಹೊರುವ ಗಾಡಿಗಳಲ್ಲಿ ಮುಗಿಯಲಿಲ್ಲ. ತೊಲೆ ಗಟ್ಟಿ, ಅಗ್ಗ, ಕೆಸರಿನಲ್ಲೂ ಕಲ್ಲಿನಲ್ಲೂ ಬಾಳಿಕೆ ಬರುತ್ತದೆ. ಜನರಲ್ ಮೋಟರ್ಸ್ 1988ರಿಂದ ತನ್ನ ಫೋರ್ ವೀಲ್ ಡ್ರೈವ್ ಪಿಕಪ್‌ಗಳಲ್ಲೂ ಅದನ್ನು ಕೈಬಿಟ್ಟಿತು. ಫೋರ್ಡ್ ಸೂಪರ್ ಡ್ಯೂಟಿ ಮತ್ತು ಹೆವಿ ಡ್ಯೂಟಿ ರ‍್ಯಾಮ್‌ಗಳ ಫೋರ್ ವೀಲ್ ಡ್ರೈವ್ ಮಾದರಿಗಳು ಬಿಡಲಿಲ್ಲ. ಹಾಗಾಗಿ ಸ್ಟೆಬಿಲೈಜರ್ ಚರ್ಚೆಯೂ ಹೆಚ್ಚಾಗಿ ಈ ಎರಡು ಮನೆಗಳದ್ದೇ.

ಅಲ್ಲೂ ಒಂದು ಬದಲಾವಣೆ ಬಂತು. ನನ್ನ ಲೆಕ್ಕದಲ್ಲಿ ಈ ಕಥೆಯ ತಿರುವು ಅದೇ. 1994ರಲ್ಲಿ ರ‍್ಯಾಮ್, 2005ರಲ್ಲಿ ಸೂಪರ್ ಡ್ಯೂಟಿ ಮುಂದಿನ ಲೀಫ್ ಸ್ಪ್ರಿಂಗ್ ಬಿಟ್ಟು ಕಾಯಿಲ್ ಸ್ಪ್ರಿಂಗ್ ಹಿಡಿದವು. ಲೀಫ್ ಸ್ಪ್ರಿಂಗ್ ಭಾರ ಹೊರುವುದರ ಜೊತೆಗೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆಯೂ ಹಿಡಿದಿಡುತ್ತದೆ. ಕಾಯಿಲ್‌ಗೆ ಆ ಶಕ್ತಿಯಿಲ್ಲ. ಆ ಕೆಲಸಕ್ಕೆ ಟ್ರ್ಯಾಕ್ ಬಾರ್ ಎಂಬ ಅಡ್ಡ ದಂಡ ಬೇಕು. ಅದರ ಬುಷ್ ಸವೆದು ಒಂದೆರಡು ಮಿಲಿಮೀಟರ್ ಆಟ ಬಂದರೂ ಆಕ್ಸಲ್ ಪಕ್ಕಕ್ಕೆ ಜರುಗುತ್ತದೆ. ಸ್ಟೀರಿಂಗ್ ಬಾಕ್ಸ್ ಕೂತಿರುವುದು ಚಾಸಿಯ ಮೇಲೆ, ಅದು ಜರುಗುವುದಿಲ್ಲ. ಬಾಕ್ಸನ್ನೂ ಚಕ್ರವನ್ನೂ ಜೋಡಿಸುವ ಡ್ರ್ಯಾಗ್ ಲಿಂಕ್ ಚಕ್ರವನ್ನು ತಾನೇ ತಿರುಗಿಸಿಬಿಡುತ್ತದೆ. ಚಾಲಕ ಮುಟ್ಟದಿದ್ದರೂ ಗಾಡಿ ಸ್ಟೀರಿಂಗ್ ತಿರುಗಿಸಿಕೊಂಡಂತಾಯಿತು. ಹೆದ್ದಾರಿಯ ಸೇತುವೆಯ ಜಾಯಿಂಟ್ ಹಾರಿದ ಕ್ಷಣ ಇಡೀ ಮುಂಭಾಗ ಕುಲುಕಾಡುವುದಕ್ಕೆ ಅಲ್ಲಿನವರು 'ಡೆತ್ ವಾಬಲ್' ಎನ್ನುತ್ತಾರೆ. ಬ್ರೇಕ್ ಒತ್ತಿ ವೇಗ ಇಳಿಸುವವರೆಗೂ ಅದು ನಿಲ್ಲುವುದಿಲ್ಲ.

ಇಲ್ಲಿ ಡ್ಯಾಂಪರ್ ಏನು ಮಾಡಬಲ್ಲದು? ಆಫೀಸಿನ ಬಾಗಿಲ ಮೇಲಿನ ಡೋರ್ ಕ್ಲೋಸರ್ ನೆನೆಯಿರಿ: ಮೆಲ್ಲಗೆ ಸರಿಯುವ ಬಾಗಿಲನ್ನು ಅದರ ಎಣ್ಣೆ ತಡೆಯುವುದಿಲ್ಲ, ರಪ್ಪನೆ ಬಡಿಯ ಹೊರಟರೆ ಬಿಡುವುದಿಲ್ಲ. ಡ್ಯಾಂಪರ್‌ನ ವಿರೋಧವೂ ವೇಗಕ್ಕೆ. ಚಕ್ರ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. 35 ಇಂಚಿನ ಟೈರ್ ಗಂಟೆಗೆ 90 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತುತ್ತದೆ. ಬ್ಯಾಲೆನ್ಸ್ ತಪ್ಪಿದ್ದರೆ ಸೆಕೆಂಡಿಗೆ 9 ಏಟು. ಗಾಡಿ ಲೇನಿನೊಳಗೆ ಮೆಲ್ಲಗೆ ಅತ್ತಿತ್ತ ಅಲೆಯುವುದಾದರೋ ಮೂರು ಸೆಕೆಂಡಿಗೊಮ್ಮೆ ಎನ್ನೋಣ. ಎರಡರಲ್ಲೂ ರಾಡ್ ಅಷ್ಟೇ ದೂರ ಸರಿದರೂ ನಡುಕದಲ್ಲಿ ಅದರ ವೇಗ 27 ಪಟ್ಟು. ನಡುಕವನ್ನು ಹಿಡಿಯುವ ಡ್ಯಾಂಪರ್ ಅಲೆದಾಟವನ್ನು ಬಹುಮಟ್ಟಿಗೆ ಗಮನಿಸುವುದೇ ಇಲ್ಲ. 'ಗಾಡಿ ನೇರ ಹೋಗುವುದಿಲ್ಲ' ಎಂದು ಸ್ಟೆಬಿಲೈಜರ್ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಆ ಅಲೆದಾಟಕ್ಕೆ ಕಾರಣ ಕ್ಯಾಸ್ಟರ್ ಕೋನ (ಸ್ಟೀರಿಂಗ್ ಅಕ್ಷದ ಹಿಂದಿನ ವಾಲು), ಟೈರಿನ ಗಾಳಿ, ಸ್ಟೀರಿಂಗ್ ಬಾಕ್ಸಿನ ಸವಕಳಿ, ಬಾಲ್ ಜಾಯಿಂಟ್. ಗಾಡಿ ಎತ್ತರಿಸಿದವರಲ್ಲಿ ಕ್ಯಾಸ್ಟರ್ ಕಡಿಮೆಯಾಗಿರುವುದೇ ಹೆಚ್ಚು.

ಆದರೂ ಸರಕು ಸುಧಾರಿಸುತ್ತ ಬಂದಿದೆ. ಮೊದಲಿನವು ಎಣ್ಣೆ ತುಂಬಿದ ಸಾದಾ ಕೊಳವೆಗಳು. ಎಣ್ಣೆ ಬಿಸಿಯಾಗಿ ನೊರೆಯೆದ್ದರೆ ಹಿಡಿತ ತಪ್ಪುತ್ತಿತ್ತು. ಒತ್ತಡದ ಗ್ಯಾಸ್ ತುಂಬಿದವು ನೊರೆಯನ್ನು ತಡೆದವು, ಹೊಸದೊಂದು ತಾಪತ್ರಯ ತಂದವು. ಪಿಸ್ಟನ್ನಿನ ಒಂದೇ ಬದಿಗೆ ದಂಡವಿರುವುದರಿಂದ ಗ್ಯಾಸ್ ಅದನ್ನು ಸದಾ ಹೊರಕ್ಕೆ ತಳ್ಳುತ್ತದೆ. 15 ಮಿ.ಮೀ. ದಂಡ, 10 ಬಾರ್ ಒತ್ತಡ ಎಂದಿಟ್ಟುಕೊಂಡರೆ ಸುಮಾರು 18 ಕೆ.ಜಿ. ತೂಕದಷ್ಟು ಬಲ, ಸ್ಟೀರಿಂಗ್ ಒಂದು ಬದಿಗೆ ಎಳೆಯತೊಡಗುತ್ತದೆ. ಎರಡು ಕೊಳವೆಗಳನ್ನು ಎದುರುಬದುರಾಗಿ ಕೂರಿಸುವ ಜೋಡಿ ಕಿಟ್‌ಗೆ ಅರ್ಥವಿದ್ದರೆ ಅದು ಇಲ್ಲಿ: ಒಂದರ ತಳ್ಳು ಇನ್ನೊಂದರ ತಳ್ಳನ್ನು ಕಳೆಯುತ್ತದೆ. ಉಳಿದಂತೆ ಅದು ನೋಟಕ್ಕೆ ಹೆಚ್ಚು. ಇದಕ್ಕಿಂತ ಜಾಣ ಪರಿಹಾರ, ಫಾಕ್ಸ್‌ನಂಥವರು ತಂದ ಥ್ರೂ ಶಾಫ್ಟ್ ವಿನ್ಯಾಸ. ದಂಡ ಪಿಸ್ಟನ್ನಿನ ಎರಡು ಬದಿಯಲ್ಲೂ ಹಾದುಹೋಗುವುದರಿಂದ ತಳ್ಳೇ ಇಲ್ಲ. ಗುಂಡಿ ತಿರುಗಿಸಿ ಬಿಗಿ ಹೆಚ್ಚುಕಡಿಮೆ ಮಾಡಿಕೊಳ್ಳುವ ಮಾದರಿಗಳೂ ಇವೆ. ಮೋಟರ್ ಹೋಮ್‌ಗಳಿಗೆ ಸೇಫ್ ಟಿ ಪ್ಲಸ್ ಮಾರುವಂಥ, ಸ್ಪ್ರಿಂಗ್ ಕೂಡ ಇರುವ ಸಾಧನದ ಜಾತಿಯೇ ಬೇರೆ. ಅದು ಚಕ್ರವನ್ನು ನಡುವಿಗೆ ತಳ್ಳುತ್ತದೆ, ಹಾಗಾಗಿ ಅಲೆದಾಟದಲ್ಲೂ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ.

ಡ್ಯಾಂಪರ್ ನಡುಕ ಅಡಗಿಸುತ್ತದೆ ಎಂಬುದೇ ಅದರ ಅಪಾಯ ಕೂಡ. ಸವೆದ ಬುಷ್ ಅದರ ಮರೆಯಲ್ಲಿ ಇನ್ನಷ್ಟು ಸವೆಯುತ್ತದೆ. 2019ರಲ್ಲಿ ಸೂಪರ್ ಡ್ಯೂಟಿ ಮಾಲೀಕರು ಫೋರ್ಡ್ ವಿರುದ್ಧ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ಹೋದಾಗ 2005ರಿಂದೀಚಿನ ಎಫ್-250, ಎಫ್-350 ಗಾಡಿಗಳ ಈ ನಡುಕವೇ ಅವರ ದೂರಾಗಿತ್ತು. ಅದೇ ವರ್ಷ ಜೀಪ್ ಕಂಪನಿ ಹೊಸ ರ‍್ಯಾಂಗ್ಲರ್‌ಗಳ ಇಂಥದೇ ಕಾಟಕ್ಕೆ ಪುಕ್ಕಟೆಯಾಗಿ ಡ್ಯಾಂಪರ್ ಬದಲಿಸಿಕೊಟ್ಟಿತು. ಬದಲಿಸಿದ ಮೇಲೂ ನಡುಕ ಹೋಗಲಿಲ್ಲ ಎಂದವರಿದ್ದರು.

ನಮ್ಮಲ್ಲಿ ಇಂಥ ಪಿಕಪ್‌ಗಳಿಲ್ಲ, ಮುಂದಿನ ತೊಲೆ ಮಾತ್ರ ಇದೆ. ಹಳೆಯ ಜಿಪ್ಸಿಯಲ್ಲಿತ್ತು, 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿದೆ. ಜಿಮ್ನಿಗೆ ಡ್ಯಾಂಪರ್ ಕಾರ್ಖಾನೆಯಿಂದಲೇ ಬರುತ್ತದೆ. ದೊಡ್ಡ ಟೈರ್ ಹಾಕಿಸಿ ಎತ್ತರಿಸುವ ಷೋಕಿ ಇಲ್ಲೂ ಇರುವುದರಿಂದ ಪರೀಕ್ಷೆಯ ಕ್ರಮವೂ ಅದೇ. ಎಂಜಿನ್ ಚಾಲೂ ಇಟ್ಟು ಒಬ್ಬರು ನಿಂತ ಗಾಡಿಯ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸಬೇಕು. ಇನ್ನೊಬ್ಬರು ಕೆಳಗಿಣುಕಿ ಟ್ರ್ಯಾಕ್ ಬಾರ್‌ನ ಎರಡೂ ತುದಿ, ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಇವುಗಳಲ್ಲಿ ಆಟವಿದೆಯೇ ನೋಡಬೇಕು. ಆಮೇಲೆ ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಇಷ್ಟೆಲ್ಲ ಸರಿಯಿದ್ದೂ ಕಚ್ಚಾ ರಸ್ತೆಯಲ್ಲಿ ಭಾರದ ಟೈರುಗಳ ಏಟು ಅಂಗೈಗೆ ಬಡಿಯುತ್ತಿದ್ದರೆ, ಒಳ್ಳೆಯ ಡ್ಯಾಂಪರ್‌ಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ.